ಹನ್ನೊಂದು ಗಂಟೆಗೆ ಕಾಫಿಗೆ ಹೋಗುತ್ತಿದ್ದ ಸರ್ವರ್

ಆ ದಿನ ಲ್ಯಾಬಿನಲ್ಲಿ ನಾಲ್ಕು ಜನ ಇದ್ದೆವು. ರಕ್ತ ಪರೀಕ್ಷೆ ನೋಡಿಕೊಳ್ಳುತ್ತಿದ್ದ ಗಣಪತಿಯಣ್ಣ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದರು. ವಾರ್ಡಿನ ಉಸ್ತುವಾರಿ ಫಿಲೋಮಿನಾ ಸಿಸ್ಟರ್ ಬಾಗಿಲಿಗೆ ಒರಗಿ ನಿಂತಿದ್ದರು. ಆಸ್ಪತ್ರೆ ನಡೆಸುತ್ತಿದ್ದ ದೊಡ್ಡ ಡಾಕ್ಟ್ರು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ನಾಲ್ಕನೆಯವಳು ನಾನು. ಸಾಗರದ ಆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಅಂದರೆ ನಾನೊಬ್ಬಳೇ.

ಗಂಟೆ ಹನ್ನೊಂದಾಯಿತು. ಗಣಪತಿಯಣ್ಣ ಒಂದು ರಿಪೋರ್ಟಿನ ಅಂಕಿ ಹಾಕಿ ಗುಂಡಿ ಒತ್ತಿದರು. ಪರದೆ ಹಾಗೇ ನಿಂತಿತು. ಅಂಕಿ ಹೋಗಲೂ ಇಲ್ಲ, ಬರಲೂ ಇಲ್ಲ.

"ನೋಡಿ ಡಾಕ್ಟ್ರೆ, ಹೋಯ್ತು," ಅಂದರು ಸಿಸ್ಟರ್. "ಸುಮಿತ್ರಕ್ಕನ ಕಂಪ್ಯೂಟರ್ ಕಾಫಿಗೆ ಹೋಯ್ತು. ಇನ್ನು ಬರೂದು ಹನ್ನೊಂದೂವರೆಗೇ."

"ದಿನಾನೂ ಹೀಗೇನಾ?"

"ದಿನಾನೂ. ಜೊತೆಗೆ ತಿಂಡಿನೂ ತಿಂದ್ಕೊಂಡು ಬರ್ತದೆ ಅಂತ ಕಾಣ್ತದೆ."

ಗಣಪತಿಯಣ್ಣ ನಗಲಿಲ್ಲ. ಬೆಳಿಗ್ಗೆ ತೆಗೆದ ರಕ್ತದ ರಿಪೋರ್ಟೆಲ್ಲ ತಯಾರಾಗುವುದೇ ಹನ್ನೊಂದಕ್ಕೆ. ವಾರ್ಡಿನಲ್ಲಿ ಡಾಕ್ಟರರು ಪರದೆ ತೆರೆದು ಕಾಯುವುದೂ ಆ ಹೊತ್ತಿಗೇ. ಅವರು ಮೆಲ್ಲಗೆ, "ನಂಗೆ ಕಂಪ್ಯೂಟರ್ ಮೇಲೆ ಎಂತ ಸಿಟ್ಟೂ ಇಲ್ಲೆ ಡಾಕ್ಟ್ರೆ. ನಾ ಕೊಟ್ಟ ರಿಪೋರ್ಟು ಅಲ್ಲಿಗೆ ಮುಟ್ಟಿದ್ರೆ ಸಾಕು. ಮುಟ್ಟದೆ ಇದ್ರೆ ನಾ ಇಲ್ಲಿ ಕೂತು ಎಂತ ಮಾಡೂದು?" ಅಂದರು.

ದೊಡ್ಡ ಡಾಕ್ಟ್ರು ನನ್ನ ಕಡೆ ತಿರುಗಿದರು. "ಸುಮಿತ್ರಾ, ಒಂದು ತಿಂಗಳು. ಆಗಲಿಲ್ಲ ಅಂದ್ರೆ ಅಟ್ಟದ ಮೇಲಿಂದ ಹಳೇ ರಿಜಿಸ್ಟರ್ ಇಳಿಸ್ತೇನೆ."

ಅವರ ಮಾತು ಬೆದರಿಕೆ ಆಗಿರಲಿಲ್ಲ. ಮಳೆಗಾಲಕ್ಕೆ ಮೊದಲು ಸೌದೆ ತರಿಸುತ್ತೇನೆ ಅನ್ನುವಷ್ಟೇ ಸಲೀಸಾಗಿ ಹೇಳಿದ್ದರು. ಅದಕ್ಕೇ ನನಗೆ ಭಯವಾಯಿತು.

ಈಗ ಈ ಕೆಲಸಕ್ಕೆ ಬರುವ ಮಕ್ಕಳು ನನ್ನನ್ನು ಕೇಳುತ್ತಾರೆ, ಯಾವ ಕಾಲೇಜಿನಲ್ಲಿ ಕಲಿತಿರಿ ಎಂದು. ನಾನು ಸೇರಿದ್ದು ಬೆರಳಚ್ಚು ಮಾಡಲು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಕುರ್ಚಿ ಬದಲಾಗಲಿಲ್ಲ, ಮುಂದಿದ್ದ ಯಂತ್ರ ಬದಲಾಯಿತು. ಅದಕ್ಕೂ ಮೊದಲಿನ ನನ್ನ ಶಾಲೆ ಹೊಸನಗರದ ಕಡೆಯ ಒಂದು ಮರದ ಡಿಪೋ. ಅಪ್ಪಯ್ಯ ಅಲ್ಲಿ ಬರೆಯುವವರು. ಮಧ್ಯಾಹ್ನದ ಬುತ್ತಿ ಕೊಡಲು ಹೋದವಳು ದಿಮ್ಮಿಯ ಮೇಲೆ ಕೂತು ನೋಡುತ್ತಿದ್ದೆ. ಅಳೆಯುವವನು ದಿಮ್ಮಿಗೆ ಪಟ್ಟಿ ಸುತ್ತಿ ಸುತ್ತಳತೆ ಕೂಗುತ್ತಿದ್ದ. ಅಪ್ಪಯ್ಯ ಅದನ್ನು ಪುಸ್ತಕಕ್ಕೆ ಇಳಿಸಿ, ಅದೇ ಅಳತೆಯನ್ನು ತಿರುಗಿ ಕೂಗಿ, ಕೊನೆಗೆ "ಬರೆದಾಯ್ತು" ಅನ್ನುತ್ತಿದ್ದರು. ಆಮೇಲೇ ಸುತ್ತಿಗೆಯವನು ದಿಮ್ಮಿಯ ತುದಿಗೆ, ಲೆಕ್ಕಕ್ಕೆ ಸೇರಿತು ಎನ್ನುವ ಮುದ್ರೆ ಹೊಡೆಯುತ್ತಿದ್ದ. ಒಮ್ಮೆ ಹೊಸ ಆಳೊಬ್ಬ ಅಪ್ಪಯ್ಯ ಬಾಯಿ ತೆರೆಯುವ ಮೊದಲೇ ಮುದ್ರೆ ಹೊಡೆದುಬಿಟ್ಟ. ಅಪ್ಪಯ್ಯ ಪೆನ್ನು ಕೆಳಗಿಟ್ಟು, "ನಾನು ಬರೀದೇ ಇರೋದಕ್ಕೆ ನೀನು ಸಾಕ್ಷಿ ಹೇಳ್ತೀಯಲ್ಲ ಮಾರಾಯ," ಅಂದಿದ್ದರು. ಬೈಗುಳವೇನೂ ಇರಲಿಲ್ಲ. ಆ ಆಳು ಮತ್ತೆ ಹಾಗೆ ಮಾಡಿದ್ದನ್ನು ನಾನು ನೋಡಲಿಲ್ಲ. ನನ್ನ ಕತೆಗೆ ಈ ಸುತ್ತಿಗೆ ಮುಂದೆ ಬೇಕು, ಅದಕ್ಕೇ ಈಗಲೇ ಹೇಳಿಟ್ಟೆ.

ಮತ್ತೆ ಹನ್ನೊಂದು ಗಂಟೆಯ ಕತೆಗೆ ಬರುತ್ತೇನೆ. ಮೊದಲ ಎರಡು ದಿನ ನಾನು ಸರ್ವರಿನ ಒಳಗೆ ಹುಡುಕಿದೆ. ಸರ್ವರ್ ಅಂದರೆ ಲ್ಯಾಬು, ವಾರ್ಡು, ಔಷಧಿ ಅಂಗಡಿ ಎಲ್ಲರ ದಾಖಲೆ ಇಟ್ಟುಕೊಳ್ಳುವ ಒಂದೇ ದೊಡ್ಡ ಕಂಪ್ಯೂಟರ್. ಏನೂ ಸಿಗಲಿಲ್ಲ. ಮೂರನೆಯ ದಿನ ಒಂದು ನೋಟ್‌ಬುಕ್ ಹಿಡಿದು ಗಣಪತಿಯಣ್ಣನ ಪಕ್ಕ ಸ್ಟೂಲ್ ಹಾಕಿ ಕೂತೆ. ಅವರು ಒತ್ತಿದ್ದು ಎಷ್ಟು ಹೊತ್ತಿಗೆ, ಪರದೆ ಒಪ್ಪಿದ್ದು ಎಷ್ಟು ಹೊತ್ತಿಗೆ, ಎರಡನ್ನೂ ಬರೆದುಕೊಂಡೆ. ಹನ್ನೊಂದರವರೆಗೆ ಎಲ್ಲ ಸಲೀಸು. ಹನ್ನೊಂದರ ಹೊಸ್ತಿಲು ದಾಟಿದ ಕೂಡಲೇ ಜಾಮ್. ಇಷ್ಟು ಶಿಸ್ತಾಗಿ ಕೆಡುವ ಯಂತ್ರಕ್ಕೆ ಯಾರೋ ಶಿಸ್ತು ಕಲಿಸಿರಬೇಕು ಅನ್ನಿಸಿತು. ಹೊತ್ತು ಗೊತ್ತುಮಾಡಿಟ್ಟ ಕೆಲಸಗಳ ಪಟ್ಟಿ ತೆಗೆದು ನೋಡಿದೆ. ಹನ್ನೊಂದು ಗಂಟೆಗೆ ಬ್ಯಾಕಪ್. ಎಲ್ಲ ದಾಖಲೆಯನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡುವ ಕೆಲಸ. ಇಟ್ಟವಳು ನಾನೇ.

ಹಾಗೆ ಯಾಕೆ ಇಟ್ಟೆ ಅನ್ನುವುದಕ್ಕೆ ನಮ್ಮ ಕಾವಲುಗಾರ ಶೇಷಪ್ಪನನ್ನು ಕರೆಯಬೇಕು. ಆಗ ರಾತ್ರಿ ಲ್ಯಾಬು ಕಾಗದದ ಮೇಲೆ ನಡೆಯುತ್ತಿತ್ತು, ಸರ್ವರಿಗೆ ಬಿಡುವು. ಬ್ಯಾಕಪ್ ಮೊದಲು ಆ ಬಿಡುವಿನಲ್ಲೇ ಇತ್ತು. ಆದರೆ ನಮ್ಮ ಕಡೆ ಸಿಡಿಲಿನ ದಿನಗಳಲ್ಲಿ ಯಾರೂ ಪ್ಲಗ್ ಬಿಟ್ಟು ಮಲಗುವುದಿಲ್ಲ. ಶೇಷಪ್ಪ ದೂರದಲ್ಲಿ ಗುಡುಗಿದರೆ ಸಾಕು, ನಾನು ಹೇಳಿಕೊಟ್ಟಂತೆ ಗುಂಡಿ ಒತ್ತಿ, ದೀಪ ಆರುವವರೆಗೆ ಕಾದು, ವೈರೆಲ್ಲ ಕಿತ್ತಿಡುತ್ತಿದ್ದ.

"ಯಾಕೋ ಕಿತ್ತೆ ಶೇಷಪ್ಪ?" ಅಂದರೆ, "ಸಿಡ್ಲು ಬಡಿದ್ರೆ ನಿಮ್ಮ ಬ್ಯಾಕಪ್ಪು ಎಲ್ಲಿ ಇರ್ತಿತ್ತು ಅಕ್ಕ? ನಮ್ಮನೆ ಟಿವಿ ಹೋದದ್ದು ಹಿಂಗೇ," ಅನ್ನುತ್ತಿದ್ದ. ಹಾಗಾಗಿ ನಾನು ಕುರ್ಚಿಯಲ್ಲಿರುವ ಹೊತ್ತಿಗೇ ನಡೆಯಲಿ, ಕಣ್ಣೆದುರು ಇರುತ್ತದೆ ಎಂದು ಹನ್ನೊಂದಕ್ಕೆ ಇಟ್ಟೆ. ನಾನು ಕಾಫಿ ಕುಡಿಯುವ ಹೊತ್ತದು. ಆಗ ದಾಖಲೆ ಸ್ವಲ್ಪವೇ ಇತ್ತು, ಲೋಟ ಕೆಳಗಿಡುವುದರೊಳಗೆ ನಕಲು ಮುಗಿಯುತ್ತಿತ್ತು. ದಾಖಲೆ ಬೆಳೆಯಿತು, ನಾನು ಮರೆತೆ. ಸಿಸ್ಟರ್ ತಮಾಷೆಗೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಶೇಷಪ್ಪ ಬೆಳಿಗ್ಗೆ ಬಾಗಿಲು ತೆರೆದು ಪ್ಲಗ್ ಹಾಕುವುದು ಆರಕ್ಕೆ. ಬ್ಯಾಕಪ್ಪನ್ನು ಆರೂಕಾಲಿಗೆ ಇಟ್ಟೆ. ಜೊತೆಗೆ ಆಪರೇಟಿಂಗ್ ಸಿಸ್ಟಮಿಗೆ, ಬೇರೆ ಯಾರಾದರೂ ಡಿಸ್ಕ್ ಕೇಳಿದರೆ ಬ್ಯಾಕಪ್ ಪಕ್ಕಕ್ಕೆ ಸರಿದು ದಾರಿ ಬಿಡಲಿ ಎಂದೂ ಹೇಳಿಟ್ಟೆ. ಅರ್ಧ ಗಂಟೆಯ ಜಾಮ್ ಹೋಯಿತು.

ಪೂರಾ ಹೋಗಲಿಲ್ಲ. ದಿನಕ್ಕೆ ಏಳೆಂಟು ಸಲ ಪರದೆ ಅರ್ಧ ನಿಮಿಷ ಉಸಿರು ಹಿಡಿಯುತ್ತಿತ್ತು. ಇದಕ್ಕೆ ಗೊತ್ತಾದ ಹೊತ್ತು ಇರಲಿಲ್ಲ. ನಾನು ಸಿಸ್ಟರ್ ಹತ್ತಿರ, "ಅರ್ಧ ಗಂಟೆ ಅರ್ಧ ನಿಮಿಷಕ್ಕೆ ಬಂತಲ್ಲ," ಎಂದು ಹೆಮ್ಮೆಯಿಂದಲೇ ಅಂದೆ.

"ಮೊದ್ಲಿನದೇ ವಾಸಿ ಇತ್ತು ಮಾರಾಯ್ತಿ," ಅಂದರು ಅವರು. "ಹನ್ನೊಂದಕ್ಕೆ ಬರೂದಿಲ್ಲ ಅಂತ ಗೊತ್ತಿತ್ತು, ಬೇರೆ ಕೆಲ್ಸ ನೋಡ್ತಿದ್ದೆ. ಈಗ ಯಾವಾಗ ಕೈ ಕೊಡ್ತದೆ ಅಂತಾನೇ ಗೊತ್ತಿಲ್ಲ. ಹಿನ್ನೀರು ದಾಟಿಸೂ ಬ್ಯಾಕೋಡಿನ ಲಾಂಚ್ ನಿಧಾನ ಹೋಗ್ತದೆ, ಯಾರೂ ಬೈಯೂದಿಲ್ಲ. ಆದ್ರೆ ಹೊತ್ತಿಗೆ ಬಿಡ್ತದಲ್ಲ. ನಂಗೆ ಬೇಗ ಬೇಡ, ಹೇಳಿದ ಹೊತ್ತಿಗೆ ಬರ್ಲಿ."

ಈ ಕೆಲಸದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅಂದಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಸರಾಸರಿ ಬರೆಯುವುದನ್ನು ಬಿಟ್ಟೆ. ಆ ದಿನದ ಅತಿ ತಡವಾದ ರಿಪೋರ್ಟು ಯಾವುದು, ಅದೊಂದನ್ನೇ ಬರೆದೆ.

ಅರ್ಧ ನಿಮಿಷದ ಕಾರಣ ಹುಡುಕುತ್ತ ಮೂರು ಸಂಗತಿ ಸಿಕ್ಕವು. ಒಂದು, ನಮ್ಮ ಸರ್ವರ್ ಬರೆಯಬೇಕಾದ್ದನ್ನೆಲ್ಲ ಮೆಮೊರಿಯಲ್ಲಿ ಒಟ್ಟುಮಾಡಿ, ರಾಶಿಯಾದ ಮೇಲೆ ಒಮ್ಮೆಲೇ ಡಿಸ್ಕಿಗೆ ಸುರಿಯುತ್ತಿತ್ತು. ಮದುವೆಮನೆಯ ಪಾತ್ರೆಯನ್ನೆಲ್ಲ ಗುಡ್ಡೆ ಹಾಕಿ ಕೊನೆಗೆ ತೊಳೆಯಲು ಕೂತವರ ಹಾಗೆ. ಆ ಹೊತ್ತಿಗೆ ಒಂದು ಲೋಟ ಬೇಕು ಅಂದರೂ ಸಿಗುವುದಿಲ್ಲ. ಎರಡೆರಡೇ ಪಾತ್ರೆ ಆಗಾಗ ತೊಳೆಯುತ್ತಿರು ಎಂದು ಮಿತಿ ಇಳಿಸಿದೆ. ಎರಡು, ಯಾವ ಕಡತವನ್ನು ಸುಮ್ಮನೆ ತೆರೆದು ನೋಡಿದರೂ, ಇಂಥ ಹೊತ್ತಿಗೆ ನೋಡಿದರು ಎಂದು ಅದು ಡಿಸ್ಕಿನ ಮೇಲೆ ಬರೆದಿಡುತ್ತಿತ್ತು. ಯಾರೂ ಕೇಳದ ಆ ಟಿಪ್ಪಣಿಯನ್ನು ನಿಲ್ಲಿಸಿದೆ. ಮೂರು, ಡಿಸ್ಕಿನ ಒಳಗೆ ತಿರುಗುವ ತಟ್ಟೆಯ ಮೇಲೆ ಒಂದು ಕೈ ಅತ್ತಿತ್ತ ಓಡಾಡುತ್ತದೆ. ಹತ್ತಿರದ ಕೆಲಸವನ್ನೆಲ್ಲ ಮೊದಲು ಮುಗಿಸಿದರೆ ಓಡಾಟ ಉಳಿಯುತ್ತದೆ, ದೂರದವನು ಮಾತ್ರ ಕಾಯುತ್ತಲೇ ಇರುತ್ತಾನೆ. ಯಾರೇ ಆಗಲಿ ಇಷ್ಟು ಹೊತ್ತಿಗಿಂತ ಹೆಚ್ಚು ಕಾಯಬಾರದು ಎಂದು ಗಡುವು ಹಾಕುವ ಕ್ರಮಕ್ಕೆ ಬದಲಾಯಿಸಿದೆ.

ಒಂದೊಂದು ಬದಲಾವಣೆಗೂ ಎರಡು ದಿನ ಬಿಟ್ಟು ನೋಟ್‌ಬುಕ್ ನೋಡಿದೆ. ಈ ತಾಳ್ಮೆ ಹುಟ್ಟಿನಿಂದ ಬಂದದ್ದಲ್ಲ, ತೀರ್ಥಹಳ್ಳಿಯವರು ಕಲಿಸಿದ್ದು. ಅಲ್ಲಿ ನಮ್ಮದೊಂದು ಸಣ್ಣ ಶಾಖೆ ಇತ್ತು. ಸಾಗರದಲ್ಲಿ ಮೊದಲೆರಡು ಫಲ ಕಂಡ ಉಮೇದಿನಲ್ಲಿ ಬಸ್ಸು ಹತ್ತಿ ಹೋಗಿ, ಅಲ್ಲಿಯ ಯಂತ್ರಕ್ಕೂ ಅದೇ ಅಂಕಿಗಳನ್ನು ಹಾಗೇ ಹಾಕಿ ಬಂದೆ. ಆ ಯಂತ್ರಕ್ಕೆ ನಮ್ಮದರ ಕಾಲು ಭಾಗ ಮೆಮೊರಿಯೂ ಇಲ್ಲ. ಮರುದಿನ ಅಲ್ಲಿಯ ಲ್ಯಾಬಿನವರ ಫೋನು. "ಎಂತ ಮಾಡಿ ಹೋದ್ರಿ ಸುಮಿತ್ರಕ್ಕ? ಮೊದ್ಲು ಕುಂಟ್ತಿತ್ತು, ಈಗ ತೆವಳ್ತದೆ." ಮತ್ತೆ ಬಸ್ಸು ಹತ್ತಿದೆ. ಒಬ್ಬರ ಚಪ್ಪಲಿ ಇನ್ನೊಬ್ಬರಿಗೆ ಹಾಕಿಸಿ ಓಡು ಅಂದ ಹಾಗಾಗಿತ್ತು.

ತಿಂಗಳ ಗಡುವು ಮುಗಿಯಲು ನಾಲ್ಕು ದಿನ ಇತ್ತು. ಅರ್ಧ ನಿಮಿಷ ಮೂರು ನಾಲ್ಕು ಸೆಕೆಂಡಿಗೆ ಇಳಿದಿತ್ತು. ಅಲ್ಲಿಗೇ ಬಿಟ್ಟಿದ್ದರೆ ಯಾರೂ ಬೈಯುತ್ತಿರಲಿಲ್ಲ. ಆದರೆ ಕೈಗೆ ರುಚಿ ಹತ್ತಿತ್ತು. ದಾಖಲೆಯ ವ್ಯವಸ್ಥೆಯಲ್ಲಿ ಒಂದು ಗುಂಡಿ ಇದೆ. ಅದನ್ನು ತಿರುಗಿಸಿದರೆ, ಡಿಸ್ಕಿನ ಮೇಲೆ ನಿಜವಾಗಿ ಬೀಳುವ ಮೊದಲೇ ಸರ್ವರ್ "ಆಯ್ತು" ಎಂದುಬಿಡುತ್ತದೆ, ನಿಧಾನವಾಗಿ ಆಮೇಲೆ ಬರೆದುಕೊಳ್ಳುತ್ತದೆ. ಕರೆಂಟು ಹೋದರೆ ಅಪಾಯ ಎಂದು ಪುಸ್ತಕದಲ್ಲಿ ಬರೆದಿತ್ತು. ನಮ್ಮಲ್ಲಿ ಯುಪಿಎಸ್ ಇದೆಯಲ್ಲ ಅಂದುಕೊಂಡೆ. ತಿರುಗಿಸಿದೆ.

ಗಣಪತಿಯಣ್ಣ ಒತ್ತುವುದಕ್ಕೂ ಪರದೆ ಒಪ್ಪುವುದಕ್ಕೂ ನಡುವೆ ರೆಪ್ಪೆ ಬಡಿಯಲೂ ಹೊತ್ತಿರಲಿಲ್ಲ. ದೊಡ್ಡ ಡಾಕ್ಟ್ರು ಸ್ವತಃ ಕೂತು ನಾಲ್ಕು ಸಲ ಒತ್ತಿ ನೋಡಿ, "ಅಟ್ಟ ಹತ್ತೂದು ತಪ್ಪಿಸಿದೆ ಸುಮಿತ್ರಾ," ಅಂದರು. ಸಿಸ್ಟರ್ ಮನೆಯಿಂದ ಕೇಕು ತಂದರು. ಆ ಗುಂಡಿಯ ವಿಷಯ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರಿಗೆ ಅರ್ಥವಾಗುತ್ತದೆ ಎಂದುಕೊಂಡೆ. ಹೀಗೆ ಅಂದುಕೊಂಡಾಗಲೆಲ್ಲ ನಾನು ತಪ್ಪು ಮಾಡಿದ್ದೇನೆ.

ಆ ವರ್ಷದ ಮಳೆಗಾಲ. ಬ್ಯಾಕೋಡಿನ ಕಡೆಯ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವ ನಾಗಮ್ಮ ಜ್ವರ ಅಂತ ಸೇರಿದ್ದರು. ಮೊದಲ ದಿನದ ರಕ್ತದ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಸರಿಯಾಗೇ ಇತ್ತು. ಎರಡನೆಯ ದಿನ ಜ್ವರವೂ ಇಳಿಯಿತು. ಮಧ್ಯಾಹ್ನದ ಲಾಂಚಿಗೆ ಮನೆ ಮುಟ್ಟಬೇಕು ಎಂದು ಅವರಿಗೆ ಆತುರ. "ಮಕ್ಕಳು ಉಪಾಸ ಇರ್ತಾವೆ, ಆ ಬದಲಿ ಹೆಂಗಸಿಗೆ ಸಾರಿಗೆ ಉಪ್ಪು ಹಾಕೂದೂ ಗೊತ್ತಿಲ್ಲ," ಎಂದು ವಾರ್ಡಿನವರಿಗೆಲ್ಲ ಹೇಳುತ್ತಿದ್ದರಂತೆ. ಆ ದಿನದ ರಕ್ತ ಲ್ಯಾಬಿಗೆ ಬಂತು. ಗಣಪತಿಯಣ್ಣ ನೋಡಿದರು. ಪ್ಲೇಟ್‌ಲೆಟ್ ನಿನ್ನೆಯದರ ಅರ್ಧಕ್ಕೂ ಕೆಳಗೆ. ಇನ್ನೊಮ್ಮೆ ಮಾಡಿ ನೋಡಿದರು, ಅದೇ. ಅಂಕಿ ಹಾಕಿ ಒತ್ತಿದರು. "ಆಯ್ತು" ಎಂದಿತು ಪರದೆ. ಆಮೇಲೆ, ಕೆಟ್ಟ ರಿಪೋರ್ಟಿದ್ದಾಗ ಮಾಡುವಂತೆ, ವಾರ್ಡಿಗೆ ಫೋನೂ ಮಾಡಿದರು.

ಅವರು ಫೋನ್ ಇಟ್ಟ ಕೂಡಲೇ ಕರೆಂಟು ಹೋಯಿತು. ಯುಪಿಎಸ್ಸು ಒಂದು ಸಲ ಕೂಗಿ ಸುಮ್ಮನಾಯಿತು. ಅದರ ಬ್ಯಾಟರಿಗೆ ವಯಸ್ಸಾಗಿತ್ತು, ನಾನು ನೋಡಿರಲಿಲ್ಲ. ಜನರೇಟರ್ ಹಾಕಿ, ಸರ್ವರ್ ಎದ್ದು, ಎಲ್ಲ ಮೊದಲಿನಂತಾಯಿತು. ಅಥವಾ ಹಾಗೆ ಕಂಡಿತು.

ವಾರ್ಡಿನ ಕಿರಿಯ ಡಾಕ್ಟರು ಪರದೆ ತೆರೆದು ನಾಗಮ್ಮನ ರಿಪೋರ್ಟು ನೋಡಿದರು. ನಿನ್ನೆಯದೊಂದೇ ಇತ್ತು, ಚೆನ್ನಾಗಿತ್ತು. ಮನೆಗೆ ಹೋಗಬಹುದು ಎಂದು ಸಹಿ ಹಾಕಿದರು. ಅಂಕಿ ಪರದೆಯಲ್ಲಿ ಇದ್ದೇ ಇರುತ್ತದೆ ಎಂದುಕೊಂಡು ಊಟಕ್ಕೆ ಹೋಗಿದ್ದ ಫಿಲೋಮಿನಾ ಸಿಸ್ಟರ್ ತಿರುಗಿ ಬರುವಾಗ ನಾಗಮ್ಮ ಚೀಲ ಹಿಡಿದು ಗೇಟಿನ ಹತ್ತಿರ ಕೊಡೆ ಬಿಚ್ಚುತ್ತಿದ್ದರು.

"ಎಲ್ಲಿಗೆ ಹೊರಟ್ರಿ ನಾಗಮ್ಮ?"

"ಮನೆಗೆ ಸಿಸ್ಟರ್. ಡಾಕ್ಟ್ರು ಸೈನ್ ಹಾಕಿದ್ರು."

"ಹಾಕ್ಲಿ. ಚೀಲ ಇಲ್ಲಿ ಕೊಡಿ."

ಗಣಪತಿಯಣ್ಣನ ಫೋನು ಎತ್ತಿದ್ದು ಸಿಸ್ಟರೇ. ಫೋನಿನಲ್ಲಿ ಕೇಳಿದ್ದನ್ನು ಅವರು ಯಾವಾಗಲೂ ಕೈಯ ಪ್ಲಾಸ್ಟರ್ ಪಟ್ಟಿಯ ಮೇಲೆ ಬರೆದುಕೊಳ್ಳುತ್ತಿದ್ದರು. ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ತುಂಡು, ವಾಚಿನ ಪಕ್ಕ ಅಂಟಿಸಿದ್ದು. ನಾವೆಲ್ಲ ಅದಕ್ಕೆ ನಗುತ್ತಿದ್ದೆವು. ಅವರು ನಾಗಮ್ಮನನ್ನು ಕೈಹಿಡಿದು ಕರೆತಂದು ಮಂಚದ ಮೇಲೆ ಕೂರಿಸಿ, ಕಿರಿಯ ಡಾಕ್ಟರಿಗೆ ಮಣಿಕಟ್ಟು ತೋರಿಸಿದರು. "ನಿಮ್ಮ ಪರದೆ ಒಂದು ಹೇಳ್ತದೆ, ನನ್ನ ಪಟ್ಟಿ ಒಂದು ಹೇಳ್ತದೆ. ಇನ್ನೊಂದ್ಸಲ ರಕ್ತ ತೆಗೀರಿ."

ತೆಗೆದರು. ಪಟ್ಟಿ ಹೇಳಿದ್ದೇ ನಿಜ. ಸಂಜೆಯೊಳಗೆ ನಾಗಮ್ಮನ ವಸಡಿನಿಂದ ರಕ್ತ ಬರತೊಡಗಿತು. ಆ ಹೊತ್ತಿಗೆ ಅವರು ಹಿನ್ನೀರು ದಾಟಿ ಮನೆಯಲ್ಲಿದ್ದಿದ್ದರೆ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಸ್ಪತ್ರೆಯಲ್ಲಿದ್ದರು, ಬೇಕಾದ್ದು ಸಿಕ್ಕಿತು, ಆರು ದಿನಕ್ಕೆ ಎದ್ದು ಓಡಾಡಿದರು.

ಆದರೆ ಅಂದಿನ ಸಂಜೆ ದೊಡ್ಡ ಡಾಕ್ಟರ ಕೋಣೆಯಲ್ಲಿ ಪ್ರಶ್ನೆ ಬಂದದ್ದು ಗಣಪತಿಯಣ್ಣನ ಮೇಲೆ. ಅಂಕಿ ಹಾಕಲಿಲ್ಲ ಯಾಕೆ?

"ಹಾಕಿದ್ದೆ ಡಾಕ್ಟ್ರೆ."

"ಇಲ್ಲವಲ್ಲ ಗಣಪತಿ."

"ಹಾಕಿದ್ದೆ. ಆಯ್ತು ಅಂತು ಅದು."

"ವಯಸ್ಸಾಯ್ತು, ಕೆಲವು ಸಲ ಹಾಕಿದ್ದೇನೆ ಅನ್ನಿಸಿಬಿಡ್ತದೆ. ತಪ್ಪೇನಿಲ್ಲ."

ಗಣಪತಿಯಣ್ಣ ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ. ಅಷ್ಟು ವರ್ಷದಲ್ಲಿ ಒಂದು ರಿಪೋರ್ಟೂ ತಪ್ಪಿಸಿದವರಲ್ಲ. ಮುಖ ತಗ್ಗಿಸಿ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು, ಅವೇ ಸುಳ್ಳು ಹೇಳಿದವೇನೋ ಎಂಬಂತೆ. ನನ್ನ ಮುಂದೆ ಒಂದು ಲೋಟ ಕಾಫಿ ಇತ್ತು. ಅದನ್ನು ಕುಡಿದು ಮುಗಿಸುವಷ್ಟು ಹೊತ್ತು ನಾನು ಸುಮ್ಮನಿದ್ದೆ. ನನ್ನ ಕೆಲಸದ ಇಡೀ ಕಾಲದಲ್ಲಿ ನನಗೆ ನಾಚಿಕೆಯಾಗುವುದು ಆ ಒಂದು ಲೋಟದ ಹೊತ್ತಿಗೆ.

ಕೆಳಗಿಟ್ಟ ಮೇಲೆ ಹೇಳಿದೆ. "ಗಣಪತಿಯಣ್ಣ ಹಾಕಿದ್ದು ನಿಜ ಡಾಕ್ಟ್ರೆ. ಬರೆಯುವ ಮೊದಲೇ ಆಯ್ತು ಅನ್ನು ಅಂತ ಸರ್ವರಿಗೆ ಹೇಳಿಕೊಟ್ಟವಳು ನಾನು." ಡಿಪೋದ ಸುತ್ತಿಗೆಯ ಕತೆಯನ್ನೇ ಹೇಳಿದೆ. ಅಪ್ಪಯ್ಯ ಪೆನ್ನು ಕೆಳಗಿಟ್ಟದ್ದನ್ನೂ ಹೇಳಿದೆ. ಯಾರಿಗೂ ಅರ್ಥವಾಗುವುದಿಲ್ಲ ಅಂದುಕೊಂಡಿದ್ದು ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು.

ದೊಡ್ಡ ಡಾಕ್ಟ್ರು ಬಹಳ ಹೊತ್ತು ಮೇಜಿನ ಗಾಜನ್ನು ಒರೆಸಿದರು. ಆಮೇಲೆ ನನಗೇನೂ ಹೇಳದೆ ಗಣಪತಿಯಣ್ಣನ ಹತ್ತಿರ ಹೋಗಿ, "ನಾನು ಆಡಿದ ಮಾತು ವಾಪಸ್ ತಗೊಂಡೆ," ಅಂದರು. ಬಾಗಿಲಲ್ಲಿ ನಿಂತು ನನಗೆ, "ಅಟ್ಟದ ವಿಷಯ ಮತ್ತೆ ನೋಡುವ. ಮೊದಲು ಅದನ್ನ ಸತ್ಯ ಹೇಳೋ ಹಾಗೆ ಮಾಡು," ಅಂದರು.

ಗುಂಡಿಯನ್ನು ಅವತ್ತೇ ಹಿಂದಕ್ಕೆ ತಿರುಗಿಸಿದೆ. ಯುಪಿಎಸ್ಸಿಗೆ ಹೊಸ ಬ್ಯಾಟರಿ ಬಂತು. ಅಂಕಿ ಬಂದ ಕೂಡಲೇ ಎಲ್ಲಕ್ಕಿಂತ ಮೊದಲು ಬರೆದಿಡುವ ಸಾಲಿಗಾಗಿಯೇ ಬೇರೆ ಒಂದು ಸಣ್ಣ ಡಿಸ್ಕ್ ಕೇಳಿ ಹಾಕಿಸಿದೆ. ಬೇರೆ ಯಾವ ಗದ್ದಲವೂ ಅದನ್ನು ಮುಟ್ಟದಂತೆ, ಅದರ ಕೈ ಬೇರೆಡೆ ಓಡಬೇಕಾಗದಂತೆ. ಡಿಸ್ಕಿಗೂ ತಟ್ಟೆಯ ಮೇಲೆ ಬರೆಯುವ ಮೊದಲೇ, ಬರೀ ನೆನಪಿಟ್ಟುಕೊಂಡು "ಆಯ್ತು" ಅನ್ನುವ ಚಾಳಿಯೂ ಇರುತ್ತದೆ, ಅದನ್ನೂ ನಿಲ್ಲಿಸಿದೆ. ಇದೆಲ್ಲ ಮಾಡಿದ್ದೇನೆ ಎಂದು ನಾನು ಹೇಳಿದರೆ ಸಾಲದು ಅನ್ನಿಸಿತು. ಒಂದು ಭಾನುವಾರ ಬೆಳಿಗ್ಗೆ ಬ್ಯಾಕಪ್ ತೆಗೆದಿಟ್ಟು ಶೇಷಪ್ಪನನ್ನು ಕರೆದೆ.

"ಇವತ್ತು ಯುಪಿಎಸ್ಸಿಂದ ಸರ್ವರಿನ ಪ್ಲಗ್ ಕೀಳಬೇಕು. ಗುಂಡಿ ಒತ್ತೂದು ಬೇಡ, ಕಾಯೂದು ಬೇಡ. ಹಾಗೇ ಕೀಳು."

ಶೇಷಪ್ಪ ನನ್ನ ಮುಖ, ಆಕಾಶ ಎರಡನ್ನೂ ನೋಡಿದ. "ಗುಡುಗೇ ಇಲ್ವಲ್ಲ ಅಕ್ಕ."

"ಗುಡುಗು ನಾನೇ ಅಂದ್ಕೋ."

ಗಣಪತಿಯಣ್ಣ ಲ್ಯಾಬಿನಲ್ಲಿ ಕೂತರು. ಒಂದೊಂದು ಅಂಕಿ ಹಾಕಿ, ಪರದೆ ಒಪ್ಪಿದ ಮೇಲೆ, "ನೂರಾ ಹನ್ನೆರಡು, ಬರೆದಾಯ್ತು" ಎಂದು ಕೂಗುತ್ತಿದ್ದರು. ಸಿಸ್ಟರ್ ಪಟ್ಟಿಯ ಮೇಲೆ ಬರೆದುಕೊಳ್ಳುತ್ತಿದ್ದರು. ಮನಸ್ಸಿಗೆ ಬಂದಾಗ ಶೇಷಪ್ಪ ಎಳೆಯುತ್ತಿದ್ದ. ಸರ್ವರ್ ಎಬ್ಬಿಸಿ, ಕೂಗಿದ ಅಂಕಿಯೆಲ್ಲ ಇದೆಯೇ ಎಂದು ಪಟ್ಟಿಗೆ ತಾಳೆ ನೋಡುತ್ತಿದ್ದೆವು. ಹನ್ನೊಂದು ಸಲ ಎಳೆದ. ಕೊನೆಕೊನೆಗೆ ಅವನಿಗೆ ಇದು ಬಹಳ ಖುಷಿಯ ಕೆಲಸವಾಗಿ, "ಇನ್ನೊಂದು ಎಳೀಲಾ?" ಎನ್ನುತ್ತಿದ್ದ. ಕೂಗಿದ ಒಂದು ಅಂಕಿಯೂ ತಪ್ಪಿರಲಿಲ್ಲ. ಪರದೆ ಒಪ್ಪಲು ಈಗ ಒಂದು ಸೆಕೆಂಡು ಬೇಕಾಗುತ್ತಿತ್ತು, ರೆಪ್ಪೆ ಬಡಿಯುವ ವೇಗ ಹೋಗಿತ್ತು. ಆದರೆ ಯಾವ ಹೊತ್ತಿಗೆ ಒತ್ತಿದರೂ ಅದೇ ಒಂದು ಸೆಕೆಂಡು.

ಗಣಪತಿಯಣ್ಣ ಎದ್ದು ಬೆರಳು ನೀವಿಕೊಂಡು, "ಈಗ ಅಡ್ಡಿಲ್ಲೆ," ಅಂದರು. ರಿಜಿಸ್ಟರುಗಳು ಅಟ್ಟದ ಮೇಲೇ ಉಳಿದವು. ಸೋಮವಾರ ಅವರು ಒಂದು ಕಾಗದ ಬರೆದು ಲ್ಯಾಬಿನ ಫೋನಿನ ಮೇಲೆ ಅಂಟಿಸಿದರು. ಕೆಟ್ಟ ರಿಪೋರ್ಟು ಹೇಳಿದ ಮೇಲೆ, ಆ ಕಡೆಯವರು ತಿರುಗಿ ಹೇಳಿ ಬರೆದಾಯ್ತು ಅನ್ನುವವರೆಗೆ ಫೋನು ಇಡಬಾರದು.

ಅವರು ನಿವೃತ್ತರಾದರು, ವರದಹಳ್ಳಿಯ ಆಶ್ರಮಕ್ಕೆ ಆಗಾಗ ಹೋಗಿಬರುತ್ತ ಆರಾಮಾಗಿದ್ದಾರೆ. ಸಿಸ್ಟರ್ ಊರಿಗೆ ಹೋದರು. ನಾನೂ ಹೊರಬಂದು ಹೊಸನಗರದಲ್ಲಿದ್ದೇನೆ. ಆ ತಿರುಗುವ ತಟ್ಟೆಯ ಡಿಸ್ಕುಗಳೂ ಹೋದವು, ಈಗಿನದಕ್ಕೆ ಓಡಾಡುವ ಕೈಯೇ ಇಲ್ಲ. ಬ್ಯಾಕೋಡಿಗೆ ಸೇತುವೆಯ ಮೇಲೆ ಬಸ್ಸಿನಲ್ಲೇ ಹೋಗಬಹುದು.

ಕಳೆದ ಮಳೆಗಾಲದಲ್ಲಿ ಸಕ್ಕರೆ ಪರೀಕ್ಷೆಗೆ ನಮ್ಮ ಆಸ್ಪತ್ರೆಯವರು ಈಚೆಗೆ ಇಲ್ಲಿ ತೆರೆದ ಶಾಖೆಗೆ ಹೋಗಿದ್ದೆ. ಲ್ಯಾಬಿನಲ್ಲಿ ಹೊಸದಾಗಿ ಸೇರಿದ ಹೆಣ್ಣುಮಗಳು. ನನ್ನ ಪರಿಚಯ ಅವಳಿಗಿಲ್ಲ, ಫೋನಿನ ಮೇಲೆ ಯಾವ ಕಾಗದವೂ ಇಲ್ಲ. ಒಂದು ಅಂಕಿ ಹಾಕಿ ವಾರ್ಡಿಗೆ ಫೋನು ಮಾಡಿದಳು. ಹೇಳುತ್ತಿರುವಾಗಲೇ ಕರೆಂಟು ಹೋಗಿ ಬಂತು. ಅವಳು ಪರದೆ ತೆರೆದು ನೋಡಿದಳು, ಅಂಕಿ ಇತ್ತು. ಆದರೂ ಫೋನು ಕಿವಿಗೇ ಇತ್ತು, ಕಾಯುತ್ತಿದ್ದಳು.

"ಬರ್ದಾಯ್ತಾ ಸಿಸ್ಟರ್?" ಎಂದು ಕೇಳಿ, "ಹಾಂ, ಸರಿ" ಎಂದು ಫೋನು ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಕೈ ಕೊಡಿ ಅಮ್ಮ," ಅಂದಳು.